ತಣ್ಣನೆಯ ಇಂಜಿನ್ನಿನ ಗಾಡಿ

ಗದಗಿನಲ್ಲಿ ಒಬ್ಬ ಈರಭದ್ರ ಇದ್ದ, ನೋಡ್ರಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವನ ತಾಯಿ ನೀಲವ್ವನ ಕರ್ಮ! ಆಕೆ ರೊಟ್ಟಿ ಬಡಿದು, ಬುಟ್ಟಿ ಹೊತ್ತು ಖಾನಾವಳಿಗಳಿಗೆ ಕೊಟ್ಟು ಬರುತ್ತಿದ್ದಳು. ಮೊಣಕಾಲು ಸೋತವು. ಹಳೇದೊಂದು ಸಣ್ಣ ಎಸ್‌ಯುವಿ ಕೊಂಡರೆ ಮಗ ರೊಟ್ಟಿ ಸಾಗಿಸಿಯಾನು ಎಂದು ಕೊರಳಿನ ಬೋರಮಾಳ ಮಾರಿದಳು. ಇದ್ದ ಬಂಗಾರ ಅಷ್ಟೇ.

ಈರಭದ್ರ ಕೆಂಪು ಗಾಡಿಯೊಂದನ್ನು ನೋಡಿ ಬಂದ.

"ಯವ್ವಾ, ಏನ್ ಹೊಳಿತೈತಿ ಅಂತಿ! ನನ್ನ ಮಾರಿ ಕಾಣ್ತೈತಿ ಅದರಾಗ!"

"ಅಯ್ಯೋ ಹುಚ್ಚಪ್ಪಾ! ಬಣ್ಣ ನೋಡಿ ಗಾಡಿ ತಗೋತಾರೇನೋ? ಅದು ಬಿಡು, ಬ್ಯಾರೇದು ನೋಡು. ಕೆಳಗ ಬಗ್ಗಿ ನೋಡು. ಏನರ ಸೋರಾಕತ್ತಿದ್ರ ಬ್ಯಾಡ ಅಂದು ಬಾ!"

"ಹೂಂ ಯವ್ವಾ, ನೀ ಹೇಳಿದಂಗ!"

ಮರುದಿನ ನಿವೃತ್ತ ಮಾಸ್ತರರ ಗಾಡಿ. ಮಗುವಿನಂತೆ ಸಾಕಿದ್ದರು. ನೋಡಲು ಬರುತ್ತಾರೆಂದು ಆಗಷ್ಟೇ ತೊಳೆದು ನಿಲ್ಲಿಸಿದ್ದರು. ಈರಭದ್ರ ಬಗ್ಗಿದ. ತೊಟ್ ತೊಟ್ ನೀರು! "ಬ್ಯಾಡ್ರಿ!" ಅಂದ, ಬಂದ. ಸಂಜೆಗೆ ಬೇರೆ ಯಾರೋ ಅದನ್ನು ಒಯ್ದರು. ಅಂಥ ಗಾಡಿ ಬಿಟ್ಟನಲ್ಲ ಎಂದು ನನಗೇ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ತೊಳೆದ ನೀರೋ ಅದು, ಮೂಳಾ! ಎಣ್ಣಿ ಸೋರಬಾರದು, ಎಣ್ಣಿ! ಈಗರ ಕೇಳು. ಮಾರಾವರು ಮೊದಲ ಇಂಜಿನ್ ಬಿಸಿ ಮಾಡಿಟ್ಟು ಅದರ ರೋಗ ಮುಚ್ಚತಾರ. ಮುಟ್ಟಿ ನೋಡು. ತಣ್ಣಗಿದ್ರ ತಗೋ!"

"ಹೂಂ ಯವ್ವಾ, ನೀ ಹೇಳಿದಂಗ!"

ಮೂರನೆಯದು ಊರ ಹೊರಗಿನ ದಲ್ಲಾಳಿಯದು. ಈರಭದ್ರ ಇಂಜಿನ್ ಮುಟ್ಟಿದ. ತಣ್ಣಗೆ! ತಣ್ಣಗಿರದೆ ಏನು ಮಾಡೀತು? ವರ್ಷದಿಂದ ಅದು ಚಾಲೂನೇ ಆಗಿರಲಿಲ್ಲ. ರೊಕ್ಕ ಕೊಟ್ಟ. ಎಲ್ಲಿ ಬಿಸಿಯಾದೀತೋ ಎಂದು ಕೀಲಿ ತಿರುವಲೇ ಇಲ್ಲ. ದಾರಿಹೋಕರನ್ನು ಕೂಡಿಸಿ ಮನೆತನಕ ನೂಕಿಸಿದ.

"ಯವ್ವಾ, ಮುಟ್ಟಿ ನೋಡು! ಇನ್ನೂ ತಣ್ಣಗೈತಿ!"

ನೀಲವ್ವ ಕೀಲಿ ತಿರುವಿದಳು. ಗಾಡಿ ಕೆಮ್ಮಲೂ ಇಲ್ಲ. ಹಣೆ ಹಣೆ ಬಡಿದುಕೊಂಡಳು.

"ಸತ್ತ ಗಾಡಿ ತಂದೆಲ್ಲೋ! ಈಗಿಂದೀಗ ತಿರುಗಿ ಕೊಟ್ಟು ಬಾ!"

"ಹೂಂ ಯವ್ವಾ, ನೀ ಹೇಳಿದಂಗ!"

ಮತ್ತೆ ನೂಕಿಸಿದ. ಬೆವರು ಒರೆಸುತ್ತ, ನಗುತ್ತ, ಬರಿಗೈಯಲ್ಲಿ ಬಂದ.

"ಕೊಟ್ಟು ಬಂದೆ, ಯವ್ವಾ!"

"ರೊಕ್ಕ ಎಲ್ಲಿ?"

"ರೊಕ್ಕಾನ? ಗಾಡಿ ಕೊಟ್ಟು ಬಾ ಅಂದಿ, ಕೊಟ್ಟೆ. ದಲ್ಲಾಳಿ ಭಾಳ ಖುಷಿ ಆದ. ಚಾ ಕುಡಿಸಿ ಕಳಿಸಿದ!"

ನೀಲವ್ವ ಕುಂಟುತ್ತ ಅಷ್ಟು ದೂರ ಹೋಗಿ ನೋಡಿದರೆ ಅಂಗಡಿಗೆ ಬೀಗ. ದಲ್ಲಾಳಿ ಮತ್ತೆ ಆ ಊರಲ್ಲಿ ಕಾಣಲಿಲ್ಲ. ತಿರುಗಿ ಬಂದು ಒಲೆಯ ಮುಂದೆ ಕೂತಳು, ಪಾಪ. ಅವತ್ತು ಮಗನನ್ನು ಬೈಯಲಿಲ್ಲ. ಬೈದರೆ ಕೊನೆಗೊಂದು ಬುದ್ಧಿಮಾತು ಬಾಯಿಂದ ಬಿದ್ದೀತು, ಅದನ್ನೂ ಇವನು ಹೇಳಿದಂಗೇ ಮಾಡಿಯಾನು ಎಂದು ಹೆದರಿದಳು.