ಒಲ್ಲೆ ಎನ್ನುವ ಪಾಠ

ಚನ್ನಮಲ್ಲನಿಗೆ ನಿಜಗುಣನನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ದೊಡ್ಡದೇನಲ್ಲ. ಆಶ್ರಮದ ಮಕ್ಕಳು ನಿಜಗುಣನನ್ನು ಕಂಡರೆ ಓಡಿ ಬರುತ್ತಿದ್ದರು. ಚನ್ನಮಲ್ಲನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ಹೊಳೆದಂಡೆಯ ಆ ಆಶ್ರಮಕ್ಕೆ ಚನ್ನಮಲ್ಲ ಹಿರಿಯ ಶಿಷ್ಯ. ಗುರುಗಳನ್ನು ಎಲ್ಲರೂ ಅಜ್ಜನವರು ಎನ್ನುತ್ತಿದ್ದರು. ಅಜ್ಜನವರ ನೀರಿನ ತಂಬಿಗೆ ಹಿಡಿದು ಬೆಳೆದವನು ಅವನು. ನಿಜಗುಣ ನಿನ್ನೆ ಮೊನ್ನೆ ಬಂದವನು. ಬಂದವನೇ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸತೊಡಗಿದ. ಹೊಳೆಯಿಂದ ಕೇಕೆ ಕೇಳಿದಾಗಲೆಲ್ಲ ಚನ್ನಮಲ್ಲನ ಹೊಟ್ಟೆಯಲ್ಲಿ ಕೆಂಡ ಹೊರಳುತ್ತಿತ್ತು. ಅದನ್ನು ಕೇಳಿ ಅಜ್ಜನವರು ನಕ್ಕರಂತೂ ಮುಗಿಯಿತು, ಅವನಿಗೆ ಅಂದು ಅನ್ನ ಸೇರುತ್ತಿರಲಿಲ್ಲ.

ಅವನ ಕೈಯಲ್ಲಿ ಉಳಿದದ್ದು ಒಂದೇ ಅಧಿಕಾರ. ಆಶ್ರಮಕ್ಕೆ ಬಂದ ದೊಡ್ಡ ಅತಿಥಿಯ ಕಾಲೊತ್ತಲು ಯಾವ ಹುಡುಗ ಹೋಗಬೇಕು ಎಂದು ಆರಿಸುವುದು. ಅದಕ್ಕೆ ಸೇವೆ ಎಂದು ಹೆಸರು. ಹೋದ ಹುಡುಗನಿಗೆ ಕಲ್ಲುಸಕ್ಕರೆ ಸಿಗುತ್ತಿತ್ತು. ಆ ಆಯ್ಕೆಯನ್ನು ಚನ್ನಮಲ್ಲ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಆ ದಿನಗಳಲ್ಲೇ ಯಮನೂರ ಎಂಬ ಹುಡುಗ ಮಾತು ಬಿಟ್ಟ. ಊಟ ಬಿಟ್ಟ. ಯಾರಾದರೂ ಹಿಂದಿನಿಂದ ಬಂದರೆ ಬೆಚ್ಚಿ ಗೋಡೆಗೆ ಅಂಟಿಕೊಳ್ಳುತ್ತಿದ್ದ.

ಎಲ್ಲರೂ ಕಂಡರು. ಜ್ವರ ಇರಬೇಕು ಎಂದರು. ದೃಷ್ಟಿಯಾಗಿರಬೇಕು ಎಂದರು. ಯಾರಿಗೋ ಹೆದರಿದ್ದಾನೆ ಎನ್ನಲು ಮಾತ್ರ ಒಬ್ಬರಿಗೂ ಬಾಯಿ ಬರಲಿಲ್ಲ.

ಚನ್ನಮಲ್ಲನಿಗೆ ಬಂತು. ಅವನು ನೆಟ್ಟಗೆ ಅಜ್ಜನವರ ಬಳಿ ಹೋದ.

“ಅಜ್ಜಾರ, ಆ ನಿಜಗುಣನ್ನ ಇವತ್ತ ಹೊರಗ ಹಾಕ್ರಿ.”

“ಯಾಕೋ?”

“ಯಮನೂರ ಹೆದರ್ಯಾನ. ಅಂವನ ಏನೋ ಮಾಡ್ಯಾನ.”

“ಏನು ನೋಡಿದಿ?”

“ಸದಾ ಹುಡುಗರ ನಡುವ ಇರ್ತಾನ. ಬೆನ್ನ ಮ್ಯಾಲೆ ಹೊತ್ಕೊಂಡು ತಿರಗತಾನ. ಒಳ್ಳೆ ಮನುಷ್ಯಾಗ ಅದೆಲ್ಲಾ ಯಾಕ ಬೇಕು?”

“ಏನು ನೋಡಿದಿ ಅಂತ ಕೇಳಿದೆ.”

“ನೋಡಿಲ್ರಿ.”

“ಹುಡುಗ ಹೆದರಿದ್ದು ನೀ ಕಂಡದ್ದು,” ಎಂದರು ಅಜ್ಜನವರು. “ಹೆಸರು ನೀ ಹುಟ್ಟಿಸಿದ್ದು. ಕಂಡದ್ದನ್ನ ಬಂದು ಹೇಳಿದಿ, ಛಲೋ ಮಾಡಿದಿ. ಹೆಸರು ಇಲ್ಲೇ ಬಿಟ್ಟು ಹೋಗು.”

ಅಂದೇ ಅವರು ಎಲ್ಲರನ್ನೂ ಕರೆದರು. ಯಾರ ಹೆಸರನ್ನೂ ಎತ್ತಲಿಲ್ಲ.

“ಒಂದು ಮಗು ಹೆದರೇತಿ. ಯಾಕಂತ ತಿಳಿಯೋ ತನಕ ಆಶ್ರಮದ ಯಾವ ಗಂಡಸೂ ಮಕ್ಕಳ ಹತ್ರ ಹೋಗಬಾರದು. ಅಡಿಗಿ ದ್ಯಾವವ್ವ ಅವರ ಜೋಡಿ ಇರ್ತಾಳ.”

“ನಾನೂ ಏನ್ರಿ?” ಎಂದ ಚನ್ನಮಲ್ಲ.

“ನೀನೂ. ನಾನೂ.”

“ನಾ ಏನು ಮಾಡೇನ್ರಿ ಅಜ್ಜಾರ?”

“ನಾ ಏನು ಮಾಡೇನೋ?”

ನಿಜಗುಣ ಮಾತ್ರ “ಆತ್ರಿ” ಎಂದು ಸೋರೆಬುರುಡೆಗಳನ್ನು ಗೂಟಕ್ಕೆ ತೂಗುಹಾಕಿ ದನದ ಕೊಟ್ಟಿಗೆ ಬಳಿಯಲು ಹೋದ. ಮುಖ ಕೂಡ ಸಿಂಡರಿಸಲಿಲ್ಲ. ಅವನು ಸಿಡುಕಿದ್ದರೆ ಚನ್ನಮಲ್ಲನಿಗೆ ಎಷ್ಟೋ ನೆಮ್ಮದಿಯ ನಿದ್ದೆ ಬರುತ್ತಿತ್ತು.

ಯಮನೂರ ದ್ಯಾವವ್ವನ ಸೆರಗು ಹಿಡಿದುಕೊಂಡೇ ಓಡಾಡಿದ. ಅವಳು ಏನನ್ನೂ ಕೆದಕಲಿಲ್ಲ. “ಹೇಳಬೇಕು ಅನಿಸಿದಾಗ ಹೇಳು ನನ್ನಪ್ಪ, ಯಾರೂ ಬೈಯೂದಿಲ್ಲ” ಎಂದಳು, ಅಷ್ಟೇ.

ಹೀಗಿರುವಾಗ ಶಂಭಣ್ಣ ಬಂದ. ಹೊಳೆಗೆ ಕಲ್ಲಿನ ಮೆಟ್ಟಿಲು ಕಟ್ಟಿಸಿಕೊಟ್ಟ ದೊಡ್ಡ ಮನುಷ್ಯ. ಬಂಡಿ ತುಂಬ ಜೋಳ ತಂದಿದ್ದ. ಅತಿಥಿ ಕೋಣೆಗೆ ಹೋಗುತ್ತ ಚನ್ನಮಲ್ಲನ ಭುಜ ತಟ್ಟಿದ.

“ಏನಪಾ ಹಿರಿಯ ಶಿಷ್ಯಾ, ನೀ ಇಲ್ಲದ ಈ ಆಶ್ರಮ ನಡಿಯೂದಿಲ್ಲ ಬಿಡು. ಸೇವಾಕ್ಕ ಆ ಯಮನೂರನ್ನ ಕಳಸು. ಹೋದ ಸಲ ಛಲೋ ಒತ್ತಿದ್ದ.”

ಎಷ್ಟೋ ದಿನದ ಮೇಲೆ ಯಾರೋ ತನ್ನನ್ನು ಹಿರಿಯ ಶಿಷ್ಯ ಎಂದಿದ್ದರು. ಚನ್ನಮಲ್ಲನ ಎದೆ ಉಬ್ಬಿತು. ಅಜ್ಜನವರ ಮಾತು ಆಶ್ರಮದವರಿಗೆ, ಅತಿಥಿಗಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನೇರ ಅಡುಗೆಮನೆಗೆ ಹೋದ. ದ್ಯಾವವ್ವ ನೀರಿಗೆ ಹೋಗಿದ್ದಳು. ಯಮನೂರ ಕಂಬಕ್ಕೆ ಒರಗಿ ಕೂತಿದ್ದ.

“ಏಳೋ. ಶಂಭಣ್ಣಾರು ಹೆಸರು ಹಿಡಿದು ಕರದಾರ. ಪುಣ್ಯಾ ಮಾಡಿದಿ.”

ಹುಡುಗ ಕಂಬವನ್ನು ತಬ್ಬಿಕೊಂಡ.

“ದೊಡ್ಡವರು ಕರದ್ರ ಒಲ್ಲೆ ಅಂತಾರೇನು? ನಿಜಗುಣ ಕಲಿಸಿದ್ದು ಇದ ಏನು?”

ತೋಳು ಹಿಡಿದು ಎಳೆದ. ಹುಡುಗ ಕಂಬ ಬಿಡಲಿಲ್ಲ.

“ಅವರು ಬಾಗಲಾ ಹಾಕ್ತಾರ,” ಎಂದ ಯಮನೂರ. ಎಷ್ಟೋ ದಿನದ ಮೇಲೆ ಬಂದ ಮೊದಲ ಮಾತು. “ಕೆಟ್ಟದು ಮಾಡ್ತಾರ. ಹೋದ ಸಲನೂ ನೀವ ಕಳಿಸಿದ್ರಿ.”

ಚನ್ನಮಲ್ಲ ತೋಳು ಬಿಟ್ಟ.

ಆಗ ಅವನಿಗೆ ಮೊದಲು ನೆನಪಾದದ್ದು ಮಗುವಲ್ಲ. ನಿಜಗುಣ. ಈ ಮಾತು ಹೊರಬಿದ್ದರೆ ನಿಜಗುಣ ಹಾಲಿನಂತೆ ಬೆಳ್ಳಗೆ ಹೊರಬರುತ್ತಾನೆ. ಕಳಿಸಿದವನು ನಾನಾಗುತ್ತೇನೆ. ಹುಡುಗನಿಗೆ ಒಂದು ಮಾತು ಗದರಿದರೆ ಸಾಕು, ಮತ್ತೆ ಬಾಯಿ ತೆರೆಯುವುದಿಲ್ಲ. ಮನುಷ್ಯನ ಹೊಟ್ಟೆಕಿಚ್ಚು ಎಂಥ ಹೊಲಸು ಜಾಗಕ್ಕೆ ಹೋಗಿ ನಿಲ್ಲುತ್ತದೆ ನೋಡಿ.

ಹುಡುಗ ಇನ್ನೂ ಕಂಬವನ್ನು ತಬ್ಬಿಕೊಂಡೇ ಇದ್ದ. ಗದರಲು ತೆರೆದ ಬಾಯಿಯನ್ನು ಚನ್ನಮಲ್ಲ ಮುಚ್ಚಿಕೊಂಡ.

ದ್ಯಾವವ್ವ ಕೊಡ ಹೊತ್ತು ಬಂದಳು. “ಅವ್ವಾ, ಇವನ ಹತ್ರ ಕೂಡು, ಎಲ್ಲೂ ಹೋಗಬ್ಯಾಡ” ಎಂದು ಚನ್ನಮಲ್ಲ ಅಜ್ಜನವರ ಬಳಿಗೆ ಓಡಿದ. ಎಲ್ಲ ಹೇಳಿದ. ಕಳಿಸಿದವನು ತಾನೇ ಎಂಬುದನ್ನೂ ಹೇಳಿದ.

ಅಜ್ಜನವರು ಮಾತಾಡದೆ ಎದ್ದು ಅತಿಥಿ ಕೋಣೆಗೆ ನಡೆದರು.

ಶಂಭಣ್ಣ ಲೋಡಿಗೆ ಒರಗಿದ್ದ. ಅಜ್ಜನವರು ಹೇಳಿದ್ದು ಕೇಳಿ ನಕ್ಕ. “ಒಂದು ಹುಡುಗನ ಮಾತು ಕಟ್ಕೊಂಡು ನನ್ನ ಮರ್ಯಾದಿ ಕಳೀತೀರೇನು? ಈ ಮೆಟ್ಟಲಾ ಕಟ್ಟಿಸಿದಾಂವ ಯಾರು?”

“ನೀವ. ಬೇಕಾದ್ರ ಕಿತ್ತುಕೊಂಡು ಹೋಗ್ರಿ.”

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಶಿಷ್ಯರು ಬಡಿಗೆ ಹಿಡಿದು ಬಂದರು. ಎಲ್ಲರಿಗಿಂತ ಮುಂದೆ ಚನ್ನಮಲ್ಲ.

“ಬಿಡ್ರಿ ಅಜ್ಜಾರ, ಇಲ್ಲೇ ಇವನ ಕಾಲು ಮುರಿತೇನಿ!”

ಅಜ್ಜನವರು ಅವನ ಕೈಯಿಂದ ಬಡಿಗೆ ಕಸಿದುಕೊಂಡರು.

“ಈ ಬಡಿಗಿಗೆ ಮೊನ್ನೆ ಬ್ಯಾರೆ ಒಬ್ಬನ ಬೆನ್ನು ಬೇಕಾಗಿತ್ತು.”

ಚನ್ನಮಲ್ಲ ಹಿಂದಕ್ಕೆ ಸರಿದ.

“ನಡೀರಿ ಶಂಭಣ್ಣಾರ, ಪೊಲೀಸ್ ಠಾಣೆಗೆ,” ಎಂದರು ಅಜ್ಜನವರು. “ನಿಮ್ಮ ಮಾತೂ ಕೇಳ್ತಾರ. ಅಲ್ಲಿ ಹೇಳ್ರಿ. ಹುಡುಗನ ಮುಂದ ಮಾತ್ರ ನಿಮ್ಮ ನೆರಳೂ ಬೀಳಬಾರದು.”

ಜೋಳದ ಬಂಡಿ ಶಂಭಣ್ಣನನ್ನು ಹೊತ್ತು ಬಂದ ದಾರಿಯಲ್ಲೇ ತಿರುಗಿ ಹೋಯಿತು. ಅದರ ಮುಂದೆ ಅಜ್ಜನವರು ಠಾಣೆಯವರೆಗೂ ನಡೆದು ಹೋದರು.

ಮರುದಿನ ಅವರು ಅತಿಥಿ ಕೋಣೆಯ ಬಾಗಿಲನ್ನು ಕಿತ್ತು ಒಲೆಗೆ ಕೊಟ್ಟರು. ಸೇವೆ ನಿಂತಿತು ಎಂದರು. ನಿಜಗುಣನಿಗೆ ಈಜು ಕಲಿಸಲು ಹೇಳಿದರು, ಬಯಲಲ್ಲಿ, ಎಲ್ಲರ ಕಣ್ಣೆದುರು.

“ಮತ್ತ ಈಜೇನ್ರಿ?” ಎಂದ ಚನ್ನಮಲ್ಲ. “ಅದೆಲ್ಲಾ ಬ್ಯಾಡ್ರಿ. ಮಕ್ಕಳನ್ನ ಒಳಗ ಇಟ್ಟು ಕೀಲಿ ಹಾಕೂಣು. ಯಾರ ಜೋಡಿನೂ ಮಾತು ಬ್ಯಾಡ.”

“ತಪ್ಪು ಯಾರದು, ಕೀಲಿ ಯಾರಿಗೆ?”

ಚನ್ನಮಲ್ಲ ಹೊರಡಲು ತಿರುಗಿದ.

“ನೀ ನನ್ನ ಮುಂದ ಆಡಿದ ಹೆಸರು ನಾ ಯಾರ ಮುಂದೂ ಆಡಿಲ್ಲ,” ಎಂದರು ಅಜ್ಜನವರು. “ನೀ ಹೋಗಿ ಅವನ ಮುಂದ ಆಡು.”

ಚನ್ನಮಲ್ಲ ಹೋದ. ಕೊಟ್ಟಿಗೆಯಲ್ಲಿ ನಿಂತು ಹೇಳಿದ. ನಿಜಗುಣ ಸಗಣಿ ಬುಟ್ಟಿ ಕೆಳಗಿಟ್ಟ.

“ನನ್ನ ಬಗ್ಗೆ ಹೇಳಿದ್ದು ಸುಳ್ಳು,” ಎಂದ. “ಅದು ನನಗ ಭಾಳ ನೋವಾತು. ಆದ್ರ ಹುಡುಗ ಹೆದರ್ಯಾನ ಅಂತ ನೀ ಒಬ್ಬನ ಹೇಳಿದಿ. ನಾನೂ ನೋಡಿದ್ದೆ. ಸುಮ್ಮನಿದ್ದೆ.”

ಅಂದು ಸಂಜೆ ಅಜ್ಜನವರು ಕಟ್ಟೆಯ ಮೇಲೆ ಕೂತು ಕಾಲು ಚಾಚಿದರು. ಮಕ್ಕಳನ್ನು ಕರೆದರು.

“ಬಾರೋ, ಕಾಲು ಒತ್ತು.”

ಮೊದಲ ಹುಡುಗ ಬಂದು ಬಗ್ಗಿದ.

“ಅಲ್ಲಪಾ. ಒಲ್ಲೆ ಅನ್ನು.”

ಹುಡುಗ ನಾಲಿಗೆ ಕಚ್ಚಿಕೊಂಡ. ಮಕ್ಕಳೆಲ್ಲ ಕಿಸಕ್ಕನೆ ನಕ್ಕರು.

“ಅನ್ನು. ಗಟ್ಟಿಯಾಗಿ. ಹೊಳಿ ಆಚೆ ದಂಡಿಗೆ ಕೇಳಬೇಕು.”

“ಒಲ್ಲೆ!”

“ಭೇಷ್! ಮುಂದಿನಾಂವ ಬಾ.”

ಒಬ್ಬರಾದ ಮೇಲೆ ಒಬ್ಬರು ಬಂದು ಕಿರುಚಿದರು. ಒಬ್ಬ ತುಂಟ “ನಿಮ್ಮ ಕಾಲು ಬರೇ ಎಲಬು, ಒಲ್ಲೆ!” ಎಂದ. ಅಜ್ಜನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಚನ್ನಮಲ್ಲನಿಗೆ ತಡೆಯಲಾಗಲಿಲ್ಲ. “ಅಜ್ಜಾರ, ಗುರುವಿಗೇ ಒಲ್ಲೆ ಅಂದ್ರ ಆಶ್ರಮದ ಗತಿ ಏನಾದೀತು?”

“ನನ್ನ ಕಾಲು ನೋಯತಾವ. ಅಷ್ಟ.”

ಯಮನೂರನ ಸರದಿ ಬಂತು. ಅವನ ತುಟಿ ಅಲುಗಿತು, ದನಿ ಬರಲಿಲ್ಲ. ಅಜ್ಜನವರು ಒತ್ತಾಯ ಮಾಡಲಿಲ್ಲ. “ಇರ್ಲಿ, ಬಂದಾಗ ಬರ್ಲಿ” ಎಂದರು. ಹುಡುಗ ತಲೆ ತಗ್ಗಿಸಿ ತಿರುಗಿದ.

ಚನ್ನಮಲ್ಲ ಕನಿಕರದಿಂದ ಮುಂದೆ ಬಾಗಿ ಹುಡುಗನ ತಲೆ ಸವರಲು ಕೈ ಚಾಚಿದ.

“ಬಾರೋ ನನ್ನ ಬಂಗಾರ.”

“ಒಲ್ಲೆ!”

ದನಿ ಹೊಳೆಯ ಆಚೆ ದಂಡೆಗೆ ಹೋಗಿ ಬಂತು. ಹುಡುಗ ತನ್ನ ದನಿಗೆ ತಾನೇ ಬೆರಗಾಗಿ ನಿಂತ. ಆಮೇಲೆ ಓಡಿದ. ಮೆಟ್ಟಿಲ ಮೇಲೆ ನಿಜಗುಣ ಸೋರೆಬುರುಡೆಗಳಿಗೆ ಹಗ್ಗ ಕಟ್ಟುತ್ತ ಕೂತಿದ್ದ. ಯಮನೂರ ಅವನಿಂದ ಸ್ವಲ್ಪ ದೂರದಲ್ಲಿ ನಿಂತು ಒಂದು ಬುರುಡೆಯನ್ನು ಎತ್ತಿಕೊಂಡ.

ಅದನ್ನು ಕಂಡು ಚನ್ನಮಲ್ಲನ ಹೊಟ್ಟೆಯಲ್ಲಿ ಹಳೆಯ ಕೆಂಡ ಮತ್ತೊಮ್ಮೆ ಹೊರಳಿತು. ಚಾಚಿದ ಕೈ ಗಾಳಿಯಲ್ಲೇ ಇತ್ತು.

“ಅಜ್ಜಾರ, ನನಗಷ್ಟ ಒಲ್ಲೆ ಅಂದ ನೋಡ್ರಿ!”

ಅಜ್ಜನವರು ಚಾಚಿದ ಕಾಲನ್ನು ಮಡಚಿಕೊಂಡರು.

“ಅವನ ಪಾಠ ಆತು. ಇನ್ನ ನೀ ಕೈ ಇಳಿಸು.”