ಗೊಟರಪ್ಪನ ನಾಲ್ಕನೆಯ ಬೆರಳು

ಮಕ್ಕಳೇ, ಕಪ್ಪೆಯ ಮುಂಗಾಲಿಗೆ ನಾಲ್ಕೇ ಬೆರಳು. ಐದನೆಯದು ಎಲ್ಲಿ ಹೋಯಿತೆಂದು ನನ್ನನ್ನು ಕೇಳಬೇಡಿ, ನಾನಂತೂ ತೆಗೆದುಕೊಂಡಿಲ್ಲ.

ಕಾಡಂಚಿನ ಒಂದು ಕೆರೆಯಲ್ಲಿ ಗೊಟರಪ್ಪನೆಂಬ ಕಪ್ಪೆ ಆ ಬೆರಳುಗಳಿಂದಲೇ ಎಲ್ಲರಿಗೂ ದಿನ ಎಣಿಸಿ ಹೇಳುತ್ತಿದ್ದ. ವರ್ಷಕ್ಕೊಂದು ಬೆರಳು ಮಡಚುವುದು. ನಾಲ್ಕನೆಯದು ಮಡಚಿದರೆ ಅಧಿಕ ವರ್ಷ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ.

ಅಲ್ಲಿ ಈ ಲೆಕ್ಕ ತಪ್ಪುವಂತಿರಲಿಲ್ಲ. ಪ್ರತಿ ಮಾರ್ಚ್ ಒಂದರ ಬೆಳಗ್ಗೆ ನೀರುಗಂಟಿ ಬಂದು ಕೆರೆಯ ತೂಬು ಎತ್ತುತ್ತಿದ್ದ. ತೂಬಿನ ಬಳಿ ಇದ್ದವರೆಲ್ಲ ನೀರಿನ ಜೊತೆ ಗದ್ದೆಗೆ!

ಅದು ಸಾವಿರದ ಒಂಬೈನೂರನೆಯ ಇಸವಿ, ಫೆಬ್ರವರಿ ಇಪ್ಪತ್ತೆಂಟರ ಮಧ್ಯಾಹ್ನ. ಗೆಂಡೆಮೀನು ಪುಟ್ಟತಾಯಿ ತೂಬಿನ ಪಕ್ಕದ ಜೊಂಡಿನಲ್ಲಿ ತನ್ನ ಮರಿಗಳ ಸುತ್ತ ಸುತ್ತುತ್ತಲೇ ಇದ್ದಳು. ಆಳದ ಮಡುವಿಗೆ ಇವತ್ತೇ ಹೊರಟರೆ ಅಲ್ಲಿ ಬಾಳೆಮೀನು ಬಾಯಿ ತೆರೆದುಕೊಂಡು ಕಾದಿದೆ. ಇನ್ನೊಂದು ದಿನ ಬಲಿತರೆ ಮರಿಗಳು ತಪ್ಪಿಸಿಕೊಂಡಾವು. ನಾಳೆ ಹೊರಡೋಣವೆಂದರೆ, ನಾಳೆಯೇ ಮಾರ್ಚ್ ಒಂದಾಗಿಬಿಟ್ಟರೆ?

"ಗೊಟರಪ್ಪಣ್ಣ, ಇನ್ನೊಂದು ಸಲ ಎಣಿಸು."

"ಮೂರು ಸಲ ಆಯ್ತಲ್ಲಮ್ಮ! ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು, ಇಗೋ ನಾಲ್ಕನೇ ಬೆರಳು. ನಾಳೆ ಇಪ್ಪತ್ತೊಂಬತ್ತು. ಬೆರಳೇ ಇಲ್ಲದ ನಿನಗೆ ಲೆಕ್ಕ ಯಾಕೆ? ಹೋಗಿ ಮಲಗು."

ಪುಟ್ಟತಾಯಿಗೆ ನಿದ್ದೆಯೆಲ್ಲಿ? ನೇರ ಹೋಗಿ, ಕೆಸರಲ್ಲಿ ಗೊರಕೆ ಹೊಡೆಯುತ್ತಿದ್ದ ಆಮೆಯಜ್ಜನ ಮೂಗಿಗೆ ಬಾಲದಿಂದ ಬಡಿದಳು.

"ಯಾವ ಇಸವಿ?" ಎಂದ ಅಜ್ಜ, ಕಣ್ಣು ತೆರೆಯದೆ.

"ಸಾವಿರದ ಒಂಬೈನೂರು, ಅಜ್ಜ. ನಾಳೆ ಫೆಬ್ರವರಿ ಇಪ್ಪತ್ತೊಂಬತ್ತು ಅಂತಾನೆ ಗೊಟರಪ್ಪಣ್ಣ."

ಕಣ್ಣು ಫಟ್ಟನೆ ತೆರೆಯಿತು. "ಎರಡು ಸೊನ್ನೆಯ ವರ್ಷವೇ! ಸಾವಿರದ ಎಂಟುನೂರರಲ್ಲೂ ಇವನ ಮುತ್ತಾತ ಹೀಗೇ ಬೆರಳು ಮಡಚಿದ್ದ. ನೋಡು, ನನ್ನ ಚಿಪ್ಪು ತೂಬಿನ ಕಲ್ಲಿಗೆ ಬಡಿದು ಸೀಳಿದ್ದು ಆಗಲೇ. ನಾಲ್ಕರಿಂದ ಭಾಗವಾದರೆ ಅಧಿಕ ವರ್ಷ, ಸರಿ. ನೂರರಿಂದಲೂ ಭಾಗವಾದರೆ ಅಲ್ಲ. ನಾನೂರರಿಂದಲೂ ಆದರೆ ಮತ್ತೆ ಹೌದು. ಎರಡು ಸಾವಿರ ಬಂದಾಗ ಹಾಯಾಗಿ ಮಲಗಬಹುದು. ಒಂಬೈನೂರನ್ನು... ಅಲ್ಲ, ಸಾವಿರದ ಒಂಬೈನೂರನ್ನು ನಾನೂರರಿಂದ ಭಾಗಿಸು."

"ನಾಲ್ಕು ಸಲ ಹೋಗಿ... ಮುನ್ನೂರು ಉಳಿಯುತ್ತೆ."

"ಉಳಿಯಿತಲ್ಲ? ಹಾಗಾದರೆ ನಾಳೆಯೇ ಮಾರ್ಚ್ ಒಂದು. ಓಡು! ಬಾಳೆಮೀನಿನ ಪೊಟರೆಯ ಬಾಯಿಗೆ ನಾನು ಅಡ್ಡ ಮಲಗುತ್ತೇನೆ. ಎಲ್ಲಾದರೇನು, ಮಲಗುವುದು ತಾನೆ!"

ಸಂಜೆಯೊಳಗೆ ಮರಿಗಳ ಸಾಲು ಮಡುವಿನತ್ತ ಹೊರಟಿತು. ತೂಬಿನ ಕಲ್ಲಿನ ಮೇಲೆ ಕೂತು ಗೊಟರಪ್ಪ ಹಂಗಿಸಿದ: "ಒಂದು ದಿನ ಮೊದಲೇ ಹೊರಟೆಯಾ, ಪುಟ್ಟತಾಯಮ್ಮ? ಬಾಳೆಮೀನಿಗೆ ಹಬ್ಬ!"

ಪುಟ್ಟತಾಯಿ ಹಿಂತಿರುಗಿ ನೋಡದೆ ಮರಿಗಳನ್ನು ಮುಂದಕ್ಕೆ ತಳ್ಳಿದಳು.

ಬೆಳಗಾಯಿತು. ಕಿರ್‌ರ್ ಎಂದು ತೂಬು ಎದ್ದಿತು. ಜೊಂಡು ಖಾಲಿ, ಮಡುವಿನಲ್ಲಿ ಮರಿಗಳೆಲ್ಲ ಕ್ಷೇಮ. ಗೊಟರಪ್ಪ ಮಾತ್ರ ನಾಲ್ಕನೆಯ ಬೆರಳು ಮಡಚಿಕೊಂಡೇ ಗದ್ದೆಗೆ ಹೋದ.

ಎಂಟು ದಿನ ಕುಪ್ಪಳಿಸಿ ವಾಪಸು ಬಂದವನು ಅಂದಿನಿಂದ ದಿನವಿಡೀ ಪಾಠ ಒಪ್ಪಿಸುತ್ತಿದ್ದಾನೆ: "ನಾಲ್ಕು... ನೂರು... ನಾನೂರು..." ನಂಬಿಕೆ ಬಾರದಿದ್ದರೆ ಕೆರೆಗೆ ಹೋಗಿ ಕೇಳಿ. ನನಗಂತೂ ಹಾಗೇ ಕೇಳಿಸಿತು.

ನೀತಿ: ಅರ್ಧ ಲೆಕ್ಕ ಕಲಿತು ಇನ್ನೊಬ್ಬರಿಗೆ ಪೂರ್ತಿ ಧೈರ್ಯ ಹೇಳಬಾರದು.