ಪಕ್ಕೀರಪ್ಪ ಗ್ಯಾಸು ಕಾಯ್ದದ್ದು

ಇದ್ದಳೊಬ್ಬಳು ಸಾವಂತ್ರವ್ವ, ಇದ್ದನೊಬ್ಬ ಅವಳ ಮಗ ಪಕ್ಕೀರಪ್ಪ. ಸಾವಂತ್ರವ್ವನದು ಪೇಟೆಯಲ್ಲೊಂದು ಖಾನಾವಳಿ. ಅವಳ ಎಣ್ಣೆಗಾಯಿ ತಿಂದವರು ಕೈ ತೊಳೆಯಲು ಮನಸ್ಸು ಮಾಡುತ್ತಿರಲಿಲ್ಲ. ಪಕ್ಕೀರಪ್ಪನಿಗೆ ವಯಸ್ಸು ಮೂವತ್ತೆರಡು, ಮೀಸೆ ಗೇಣುದ್ದ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲಿ. ಹಾಗಂತ ಸೋಮಾರಿಯಲ್ಲ, ಮೊಂಡನೂ ಅಲ್ಲ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಬಂದ ತೊಂದರೆಯೆಲ್ಲ ಅದರಿಂದಲೇ.

ಒಂದು ಬುಧವಾರ ಪುರಸಭೆ ಕಚೇರಿಯಿಂದ ಚೀಟಿ ಬಂತು. ಶನಿವಾರ ಸಾಹೇಬರು ಬಂದು ಅಡುಗೆಮನೆಯ ಗ್ಯಾಸು ತಪಾಸಣೆ ಮಾಡುತ್ತಾರಂತೆ. ಎಲ್ಲ ಸರಿಯಿದ್ದರೆ ಪರವಾನಗಿ ಕಾಗದ, ಇಲ್ಲದಿದ್ದರೆ ಖಾನಾವಳಿಗೆ ಬೀಗ. ಇಪ್ಪತ್ತು ವರ್ಷ ಉರಿದ ಒಲೆ!

ಅವತ್ತೇ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ.

"ಎಲ್ಲಿ ಸೋರಾಕತ್ತೇತಿ ನೋಡೋ ಪಕ್ಕೀರಾ!"

ಪಕ್ಕೀರಪ್ಪ ಸಿಲಿಂಡರಿನ ಮೂಲೆಗೆ ಬಗ್ಗಿ ನೋಡಿದ. ಕತ್ತಲು. ಏನೂ ಕಾಣಲಿಲ್ಲ. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದ. ಅವ್ವ ಹಾರಿ ಬಂದು ಕಸಿದುಕೊಂಡಳು.

"ಏ ಹುಚ್ಚಪ್ಯಾಲಿ! ಎಲ್ಲಾರನೂ ಸುಡಾಂವಿದ್ದೆಲ್ಲೋ! ವಾಸನಿ ಬಂದ್ರ ಕಡ್ಡಿ ಗೀರಬಾರದು. ಗ್ಯಾಸ್ ಬಂದ್ ಮಾಡಿ, ಬಾಗಲಾ ಕಿಡಕಿ ತಗದು, ಮಂದೀನೆಲ್ಲಾ ಹೊರಗ ಕಳಸಬೇಕು!"

"ಆತಬೇ ಯವ್ವಾ. ವಾಸನಿ ಬಂದ್ರ ಮಂದಿ ಹೊರಗ."

ಸಾವಂತ್ರವ್ವ ತಾನೇ ಸಡಿಲಾಗಿದ್ದ ರೆಗ್ಯುಲೇಟರು ಬಿಗಿಯಾಗಿ ಕೂರಿಸಿದಳು, ವಾಸನೆ ನಿಂತಿತು.

ಗುರುವಾರ ಮಧ್ಯಾಹ್ನ ಪಂಕ್ತಿ ತುಂಬಿ ಕೂತಿತ್ತು. ಒಳಗೆ ಬೆಳ್ಳುಳ್ಳಿ ಒಗ್ಗರಣೆ ಚುರ್ ಅಂತು. ಘಮ್ಮೆಂದು ವಾಸನೆ! ಪಕ್ಕೀರಪ್ಪ ಒಲೆ ಆರಿಸಿದ, ಬಾಗಿಲು ತೆಗೆದ, ಕಿಟಕಿ ತೆಗೆದ.

"ಏಳ್ರಿ ಏಳ್ರಿ! ವಾಸನಿ ಬಂತು! ಹೊರಗ ನಡೀರಿ!"

ಬಾಯಲ್ಲಿ ತುತ್ತು ಇದ್ದವರನ್ನೂ ಬಿಡಲಿಲ್ಲ. ಮೇಷ್ಟ್ರೊಬ್ಬರು ಅರ್ಧ ರೊಟ್ಟಿ ಹಿಡಿದುಕೊಂಡೇ ರಸ್ತೆ ದಾಟಿದರು. ಸಾವಂತ್ರವ್ವ ತಲೆ ತಲೆ ಬಡಿದುಕೊಂಡಳು.

"ನನ್ನ ಕರ್ಮ! ಅದು ಒಗ್ಗರಣಿ ವಾಸನಿ ಅಲ್ಲೇನೋ! ಬರೇ ಮೂಗು ನಂಬಬಾರದು. ಸಬಕಾರದ ನೀರು ಹಚ್ಚಿ ನೋಡಬೇಕು. ಗುಳ್ಳಿ ಎದ್ರ ಸೋರಾಕತ್ತೇತಿ ಅಂತ ತಿಳಕೊಂಡು, ಅದನ್ನ ಬಯಲಾಗ ಒಯ್ದು ಇಡಬೇಕು!"

"ಆತಬೇ ಯವ್ವಾ. ಗುಳ್ಳಿ ಎದ್ರ ಬಯಲಾಗ."

ಶುಕ್ರವಾರ ಬೆಳಿಗ್ಗೆ ಹಂಚಿನ ಮೇಲೆ ರೊಟ್ಟಿ ಪೂರಿಯ ಹಾಗೆ ಉಬ್ಬಿತು. ಅಂಚು ಹರಿದು ಆವಿ ಸುಸ್ಸ್ ಅಂತು. ಪಕ್ಕೀರಪ್ಪ ಕಿವಿಗೊಟ್ಟು ಕೇಳಿದ. ಇದು ಸೋರುವುದೇ ಸೈ! ಸಾಬೂನು ನೀರು ತಂದ, ರೊಟ್ಟಿಗೆ ಹಚ್ಚಿದ. ಗುಳ್ಳೆ ಎದ್ದವು! ಅದೊಂದೇ ಯಾಕೆ ಎಂದು ಬುಟ್ಟಿಯಲ್ಲಿದ್ದ ನಲವತ್ತಕ್ಕೂ ಹಚ್ಚಿ, ಒಯ್ದು ಬಯಲಲ್ಲಿ ಸಾಲಾಗಿ ಇಟ್ಟ. ಓಣಿಯ ಎಮ್ಮೆ ಬಂದು ನೊರೆ ರೊಟ್ಟಿ ಮೂಸಿ, ಮುಖ ತಿರುಗಿಸಿಕೊಂಡು ಹೋಯಿತು.

"ಅಯ್ಯ ಮುಕ್ಕಾ! ನಾಳೆ ಸಾಹೇಬ್ರು ಬರಾಕತ್ತಾರ, ನೀ ರೊಟ್ಟಿ ತೊಳ್ಯಾಕತ್ತೀ! ರೊಟ್ಟಿ ಗೊಡವಿ ಬಿಟ್ಟು ಪೈಪ್ ನೋಡು. ಪೈಪಿನ ಮ್ಯಾಲ ತಾರೀಕ ಬರದಿರತಾರ. ತಾರೀಕ ದಾಟಿತ್ತೋ, ನೋಡಾಕ ಎಷ್ಟ ಛಂದ ಇರಲಿ, ತುಂಡ ತುಂಡ ಕತ್ತರಿಸಿ ಒಗೀಬೇಕು. ಯಾರೂ ತಿರಗಿ ಜೋಡಸಾಕ ಬರಬಾರದು!"

"ಆತಬೇ ಯವ್ವಾ. ತಾರೀಕ ದಾಟಿದ್ರ ತುಂಡ ತುಂಡ."

ಪೈಪಿನ ತಾರೀಕು ದಾಟಿತ್ತು. ಪಕ್ಕೀರಪ್ಪ ಗ್ಯಾಸು ಬಂದ್ ಮಾಡಿ, ಪೈಪು ಬಿಚ್ಚಿ ಕತ್ತರಿಸಿ ಒಗೆದ. ಸಾವಂತ್ರವ್ವ ಅಂಗಡಿಯವನನ್ನು ಕರೆಸಿ ಹೊಸದು ಹಾಕಿಸಿದಳು. ಸಿಲಿಂಡರುಗಳನ್ನು ಹಿತ್ತಲಿನ ನೆರಳಿಗೆ ಸಾಗಿಸಿ, ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ಸರಪಳಿ ಬಿಗಿಸಿದಳು. ಮಗ ಒಂದಾದರೂ ಕೆಲಸ ಸರಿಯಾಗಿ ಮಾಡಿದನಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

ಶನಿವಾರ ಸಾಹೇಬರು ಬಂದರು. ಪೈಪು ನೋಡಿದರು, ಸಿಲಿಂಡರು ನೋಡಿದರು, ಸಾಬೂನು ನೀರು ಹಚ್ಚಿದರು. ಒಂದೇ ಒಂದು ಗುಳ್ಳೆ ಇಲ್ಲ. ಪಕ್ಕೀರಪ್ಪನ ಕಡೆ ತಿರುಗಿದರು. ಸಾವಂತ್ರವ್ವ ದೇವರ ಗೂಡಿನ ಕಡೆ ಕೈ ಮುಗಿದಳು.

"ವಾಸನಿ ಬಂದ್ರ ಏನ ಮಾಡತೀಪಾ?"

"ಕಡ್ಡಿ ಗೀರಾಂಗಿಲ್ರೀ! ಗ್ಯಾಸ್ ಬಂದ್, ಬಾಗಲಾ ಕಿಡಕಿ ತಗಿಯೂದು, ಮಂದಿ ಹೊರಗ!"

"ಶಾಣ್ಯಾ ಮಗನ್ನ ಹಡದೀಯವ್ವಾ!" ಎಂದು ಸಾಹೇಬರು ಕಾಗದ ಬರೆದು, ರುಜು ಹಾಕಿ, ಕೆಳಗೆ ಅವತ್ತಿನ ತಾರೀಕು ಹಾಕಿದರು. "ಸೋಮವಾರ ಇದನ್ನ ಕಚೇರಿಗೆ ತಂದು ಶಿಕ್ಕಾ ಹೊಡಸ್ಕೋ. ಕಾಗದ ಇಲ್ಲಂದ್ರ ಬೀಗ ಬೀಳತೈತಿ ಮತ್ತ."

ಸಾವಂತ್ರವ್ವ ಕಾಗದವನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಓಣಿಗೆಲ್ಲ ಸಕ್ಕರೆ ಹಂಚಿದಳು.

ಸೋಮವಾರ ಇಳಕಲ್ ಸೀರೆ ಉಟ್ಟು ಹೊರಟು ನಿಂತಳು. ದೇವರ ಗೂಡು ಖಾಲಿ!

"ಪಕ್ಕೀರಾ, ಕಾಗದ ಎಲ್ಲೈತೋ?"

"ತಾರೀಕ ನೋಡಿದೆಬೇ ಯವ್ವಾ. ಶನಿವಾರದ್ದು! ದಾಟಿ ಎರಡ ದಿನ ಆಗೇತಿ. ನೋಡಾಕ ಭಾಳ ಛಂದ ಇತ್ತು, ಆದ್ರೂ ಬಿಡಲಿಲ್ಲ. ಅರವತ್ನಾಕ ತುಂಡ ಮಾಡೇನಿ, ಯಾರ್ ಜೋಡಸ್ತಾರ ಜೋಡಸಲಿ!"

ಸಾವಂತ್ರವ್ವ ಬಯ್ಯಲು ಬಾಯಿ ತೆಗೆದಳು. ಬೈದ ಮೇಲೆ ಬುದ್ಧಿ ಹೇಳಬೇಕಾಗುತ್ತದೆ. ಹೇಳಿದರೆ ಅದನ್ನೂ ಮಾಡಿಬಿಡುತ್ತಾನೆ. ತೆಗೆದ ಬಾಯಿ ಮುಚ್ಚಿ, ಕಾಗದದ ತುಂಡುಗಳಿದ್ದ ಕಸದ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅವನ್ನು ಅಂಟಿಸಲು ಒಂದು ಹಿಡಿ ಗೋಂದು ಸೆರಗಿಗೆ ಕಟ್ಟಿಕೊಂಡು, ಕಚೇರಿಯ ಕಡೆ ನಡೆದಳು.